ಯಾವ ಅಂಕ ಯಾವ ಬಾಗಿಲಿಗೆ?

ಪೀಣ್ಯದ ಎರಡನೆಯ ಹಂತದಲ್ಲಿ ಹದಿನೆಂಟು ವರ್ಷ ಲೇತ್ ಯಂತ್ರದ ಮುಂದೆ ನಿಂತು ದುಡಿದಿರುವ ಮಿತ್ರರೊಬ್ಬರು ಮೊನ್ನೆ ಭಾನುವಾರ ನಮ್ಮ ಕಚೇರಿಗೆ ಬಂದಿದ್ದರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಚೀಲದ ತುಂಬ ಕಾಗದ. ಮೇಜಿನ ಮೇಲೆ ಒಂದೊಂದಾಗಿ ಹರಡಿದರು. ಮಗಳ ಪಿ.ಯು. ಅಂಕಪಟ್ಟಿ ಒಂದು. ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸಿ.ಇ.ಟಿ.ಯ ಕಾಗದ ಇನ್ನೊಂದು. ಖಾಸಗಿ ಕಾಲೇಜುಗಳ ಒಕ್ಕೂಟವಾದ ಕಾಮೆಡ್-ಕೆ ನಡೆಸುವ ಪರೀಕ್ಷೆಯದು ಮತ್ತೊಂದು. ಕೇಂದ್ರದ ಜೆ.ಇ.ಇ. ಮೇನ್ ಪರೀಕ್ಷೆಯನ್ನು ಎರಡು ಸಲ ಬರೆದದ್ದಕ್ಕೆ ಎರಡು.

"ಮೇಷ್ಟ್ರೇ, ಇದರಲ್ಲಿ ಯಾವುದನ್ನ ಕಾಲೇಜಿಗೆ ಕೊಡಬೇಕು, ಯಾವುದನ್ನ ಬಿಡಬೇಕು, ನೀವೇ ಹೇಳಿ. ಕಬ್ಬಿಣದಲ್ಲಿ ನೂರನೇ ಒಂದು ಮಿಲಿಮೀಟರ್ ಹೆಚ್ಚುಕಮ್ಮಿಯಾದರೆ ನನ್ನ ಬೆರಳಿಗೆ ಗೊತ್ತಾಗುತ್ತೆ. ಇದು ಮಾತ್ರ ತಲೆಗೆ ಹೋಗ್ತಿಲ್ಲ" ಎಂದರು.

ಕಾಮೆಡ್-ಕೆ ಕಾಗದದ ಮೇಲೆ ಹೆಸರುವಾಸಿಯಾದ ಒಂದು ಕಾಲೇಜು ಸಿಗಬಹುದೆಂದು ಯಾರೋ ಹೇಳಿದ್ದರಂತೆ. ಅದಕ್ಕೆ ಬೇಕಾಗುವ ಹಣಕ್ಕೆ ಊರಿನಲ್ಲಿರುವ ಒಂದೇ ಒಂದು ಎಕರೆಯನ್ನು ಮಾರಲು ಮಾತುಕತೆಯೂ ನಡೆದಿತ್ತು. ಮಾತುಕತೆ ಮುಗಿಯುವ ಮೊದಲು ನಮ್ಮನ್ನು ಕೇಳಿಹೋಗೋಣವೆಂದು ಬಂದಿದ್ದರು.

ಇದು ಒಬ್ಬರ ಮನೆಯ ಕಥೆಯಲ್ಲ. ವೈಟ್‌ಫೀಲ್ಡಿನ ಕಾರ್ಖಾನೆಗಳಲ್ಲಿ, ಎಲೆಕ್ಟ್ರಾನಿಕ್ ಸಿಟಿಯ ಕಟ್ಟಡಗಳ ಹಿಂದಿನ ವಠಾರಗಳಲ್ಲಿ, ಪೀಣ್ಯದ ಗಾರ್ಮೆಂಟ್ ಗಿರಣಿಗಳಲ್ಲಿ, ದಾಸರಹಳ್ಳಿಯ ಕಿರಾಣಿ ಅಂಗಡಿಗಳ ಗಲ್ಲದ ಹಿಂದೆ ಪ್ರತಿ ಬೇಸಿಗೆಯಲ್ಲಿಯೂ ಇದೇ ಪ್ರಶ್ನೆ. ಆದುದರಿಂದ ಈ ವಾರ ಈ ವಿಚಾರವನ್ನೇ ಎತ್ತಿಕೊಂಡಿದ್ದೇವೆ.

ಒಂದೇ ಸೀಟು, ಮೂರು ಬೆಲೆ

ಮೊದಲು ಒಂದು ಮಾತು ಸ್ಪಷ್ಟವಾಗಲಿ. ನಮ್ಮ ರಾಜ್ಯದಲ್ಲಿ ಎಲ್ಲ ಅಂಕಗಳೂ ಎಲ್ಲ ಬಾಗಿಲನ್ನೂ ತೆರೆಯುವುದಿಲ್ಲ. ಸಿ.ಇ.ಟಿ. ರ‍್ಯಾಂಕು ಸರ್ಕಾರಿ ಇಂಜಿನಿಯರಿಂಗ್ ಕಾಲೇಜುಗಳಿಗೆ ಮತ್ತು ಖಾಸಗಿ ಕಾಲೇಜುಗಳಲ್ಲಿರುವ ಸರ್ಕಾರಿ ಪಾಲಿನ ಸೀಟುಗಳಿಗೆ. ಕಾಮೆಡ್-ಕೆ ರ‍್ಯಾಂಕು ಅದೇ ಖಾಸಗಿ ಕಾಲೇಜುಗಳ ಇನ್ನೊಂದು ಪಾಲಿಗೆ. ಜೆ.ಇ.ಇ. ಮೇನ್ ಅಂಕ ಸುರತ್ಕಲ್ಲಿನ ಎನ್.ಐ.ಟಿ., ಧಾರವಾಡದ ಐ.ಐ.ಐ.ಟಿ. ಮೊದಲಾದ ಕೇಂದ್ರದ ಸಂಸ್ಥೆಗಳಿಗೆ. ವೈದ್ಯಕೀಯಕ್ಕೆ ನೀಟ್ ಒಂದೇ. ಇದಲ್ಲದೆ ಖಾಸಗಿ ವಿಶ್ವವಿದ್ಯಾಲಯಗಳು ತಮ್ಮ ತಮ್ಮದೇ ಪರೀಕ್ಷೆಗಳನ್ನು ಇಟ್ಟುಕೊಂಡಿವೆ. ಒಂದೊಂದಕ್ಕೂ ಬೇರೆ ಅರ್ಜಿ, ಬೇರೆ ಶುಲ್ಕ.

ಅನುದಾನವಿಲ್ಲದ ಖಾಸಗಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸಾಮಾನ್ಯವಾಗಿ ನೂರು ಸೀಟಿದ್ದರೆ 45 ಸರ್ಕಾರದ ಪಾಲು, 30 ಕಾಮೆಡ್-ಕೆ ಪಾಲು, 25 ಆಡಳಿತ ಮಂಡಳಿಯ ಪಾಲು. ತರಗತಿ ಒಂದೇ, ಪಾಠ ಹೇಳುವ ಉಪನ್ಯಾಸಕರು ಒಬ್ಬರೇ, ಕೊನೆಯಲ್ಲಿ ಬರುವ ಪದವಿ ಪತ್ರವೂ ಒಂದೇ. ಆದರೆ ಕಾಮೆಡ್-ಕೆ ಬಾಗಿಲಿನಿಂದ ಹೋದವನು ಸಿ.ಇ.ಟಿ. ಬಾಗಿಲಿನಿಂದ ಹೋದವನ ಎರಡು ಪಟ್ಟಿಗೂ ಹೆಚ್ಚು ಶುಲ್ಕ ಕಟ್ಟುತ್ತಾನೆ. ಆಡಳಿತ ಮಂಡಳಿಯ ಬಾಗಿಲಿನ ಬೆಲೆ ಅದಕ್ಕೂ ಮೇಲೆ.

ಇದು ಹೊಸ ರೋಗವಲ್ಲ. 1984ರಲ್ಲಿ ಕರ್ನಾಟಕ ಸರ್ಕಾರ ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸುವ ಕಾನೂನು ತಂದಿತು. ಆದರೂ 1989ರ ಸರ್ಕಾರಿ ಅಧಿಸೂಚನೆಯ ಪ್ರಕಾರ ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ರಾಜ್ಯದ ಇತರ ವಿದ್ಯಾರ್ಥಿಗಳಿಗೆ 25,000, ಹೊರ ರಾಜ್ಯದವರಿಗೆ 60,000. ತುಮಕೂರಿನ ಕಾಲೇಜೊಂದಕ್ಕೆ ಅರ್ಜಿ ಹಾಕಿದ್ದ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ ಈ ವ್ಯವಸ್ಥೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. 1992ರಲ್ಲಿ ನ್ಯಾಯಾಲಯ ಕ್ಯಾಪಿಟೇಷನ್ ಶುಲ್ಕ ಸಂವಿಧಾನಕ್ಕೆ ವಿರುದ್ಧವೆಂದು ಸಾರಿತು. ಆದರೆ ಹತ್ತು ವರ್ಷ ಕಳೆಯುವಷ್ಟರಲ್ಲಿ, 2002ರಲ್ಲಿ, ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಖಾಸಗಿ ಕಾಲೇಜುಗಳಿಗೆ ತಮ್ಮ ಪ್ರವೇಶ ಮತ್ತು ಶುಲ್ಕದ ವಿಚಾರದಲ್ಲಿ ಹೆಚ್ಚಿನ ಸ್ವಾತಂತ್ರ್ಯ ಕೊಟ್ಟಿತು. ಅದರ ಬೆನ್ನಿಗೇ 2004ರಲ್ಲಿ ಕಾಮೆಡ್-ಕೆ ಹುಟ್ಟಿತು. ಒಂದು ಬಾಗಿಲು ಮುಚ್ಚಿದರೆ ಬಂಡವಾಳ ಇನ್ನೊಂದು ಬಾಗಿಲನ್ನು ಕೊರೆಯುತ್ತದೆ ಎಂಬುದಕ್ಕೆ ಬೇರೆ ಉದಾಹರಣೆ ಬೇಕೆ?

ಆರಿಸಿಕೊಳ್ಳುವ ಸ್ವಾತಂತ್ರ್ಯ ಯಾರಿಗೆ?

"ಹೆಚ್ಚು ಪರೀಕ್ಷೆ ಇದ್ದರೆ ಹೆಚ್ಚು ಅವಕಾಶ ಅಲ್ಲವೇ? ಒಂದರಲ್ಲಿ ಜಾರಿದ ಹುಡುಗ ಇನ್ನೊಂದರಲ್ಲಿ ಎದ್ದಾನು" ಎಂದು ಹೇಳುವವರಿದ್ದಾರೆ. ಈ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ನಾವೂ ಕೆಲವು ವರ್ಷ ಸೀಮೆಸುಣ್ಣ ಹಿಡಿದವರು. ಮಾರ್ಚಿ ತಿಂಗಳ ಒಂದು ಬೆಳಗಿನ ಮೂರು ಗಂಟೆಗಳಲ್ಲಿ ಒಂದು ಮಗುವಿನ ಬುದ್ಧಿಯೆಲ್ಲವೂ ಕಾಗದದ ಮೇಲೆ ಇಳಿದುಬಿಡುತ್ತದೆಂದು ಆಗ ನಂಬಿದ್ದೆವು, ಈಗ ನಂಬುವುದಿಲ್ಲ. ಜ್ವರ ಬಂದ ಮಗುವಿಗೆ, ಮನೆಯಲ್ಲಿ ಸಾವಾದ ಮಗುವಿಗೆ, ತಾಯಿಗೆ ರಾತ್ರಿ ಪಾಳಿ ಬಿದ್ದುದರಿಂದ ತಮ್ಮ ತಂಗಿಯರನ್ನು ನೋಡಿಕೊಳ್ಳುತ್ತ ಓದಿದ ಮಗುವಿಗೆ ಎರಡನೆಯ ಅವಕಾಶ ಸಿಗಲೇಬೇಕು. 2024ರಲ್ಲಿ ರಾಜ್ಯದ ಪರೀಕ್ಷಾ ಮಂಡಲಿ ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿ.ಯು.ಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆ ನಡೆಸಿ, ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳಲು ಬಿಟ್ಟಾಗ ನಾವು ಸ್ವಾಗತಿಸಿದ್ದೆವು. ತೇರ್ಗಡೆಯಾದವರೂ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಬಹುದೆಂಬ ತತ್ವ ಸರಿಯಾದ ತತ್ವ.

ನಮ್ಮ ಆಕ್ಷೇಪಣೆ ಅವಕಾಶದ ಮೇಲಲ್ಲ, ಅವಕಾಶಕ್ಕೆ ಹಚ್ಚಿದ ಬೆಲೆಚೀಟಿಯ ಮೇಲೆ. ಮೀಸಲಾತಿಯಿಲ್ಲದ ವರ್ಗದ ಹುಡುಗನೊಬ್ಬ ಸಿ.ಇ.ಟಿ.ಗೆ 500 ರೂಪಾಯಿ ಕಟ್ಟುತ್ತಾನೆ. ಜೆ.ಇ.ಇ. ಮೇನ್‌ಗೆ ಒಂದು ಸಲಕ್ಕೆ 1,000. ಎರಡು ಸಲ ಬರೆದರೆ 2,000. ಕಾಮೆಡ್-ಕೆಗೆ ಎರಡು ಸಾವಿರದ ಹತ್ತಿರ. ಅರ್ಜಿ ತುಂಬಿಸುವ ಅಂಗಡಿಯವನಿಗೆ, ಬಸ್ಸಿಗೆ, ಪರೀಕ್ಷೆಯ ದಿನ ತಂದೆ ಕಳೆದುಕೊಳ್ಳುವ ಸಂಬಳಕ್ಕೆ ಲೆಕ್ಕ ಬೇರೆ. ಎರಡು ಸಲ ಬರೆದವರ ಹೆಚ್ಚಿನ ಅಂಕವನ್ನೇ ಜೆ.ಇ.ಇ.ಯಲ್ಲಿ ಪರಿಗಣಿಸುತ್ತಾರೆ, ನಿಜ. ಆದರೆ ಎರಡು ಸಲ ಬರೆಯಲು ಹಣ ಇದ್ದವನಿಗೆ ಎರಡು ಅಂಕ. ಒಂದೇ ಸಲಕ್ಕೆ ಹಣ ಇದ್ದವನಿಗೆ ಒಂದೇ ಅಂಕ. ಒಂದೇ ಅಂಕ ಕೈಯಲ್ಲಿರುವವನಿಗೆ "ನಿನಗೆ ಬೇಕಾದ್ದನ್ನು ಆರಿಸಿಕೋ" ಎಂದರೆ ಏನರ್ಥ?

ದೂರದ ಅಮೆರಿಕದಲ್ಲಿಯೂ ಇದೇ ಚರ್ಚೆ ನಡೆದಿದೆ. ಅಲ್ಲಿ ಎಸ್.ಎ.ಟಿ. ಎಂಬ ಪರೀಕ್ಷೆಯನ್ನು ಹಲವು ಸಲ ಬರೆದು, ಯಾವ ದಿನದ ಅಂಕವನ್ನು ಕಾಲೇಜಿಗೆ ಕಳುಹಿಸಬೇಕೆಂದು ವಿದ್ಯಾರ್ಥಿಯೇ ಆರಿಸುವ ಪದ್ಧತಿ 2009ರಲ್ಲಿ ಬಂದಿತು. ಹಲವು ಸಲ ಬರೆಯಲು ಶಕ್ತಿಯುಳ್ಳವರಿಗೇ ಇದರ ಲಾಭವೆಂದು ಅಲ್ಲಿಯೂ ಆಕ್ಷೇಪ ಬಂದಿತ್ತು. ಬಂಡವಾಳಶಾಹಿಯ ತವರುಮನೆಯಲ್ಲಿಯೇ ಕೇಳಿಬಂದ ಪ್ರಶ್ನೆಯನ್ನು ನಾವು ಕೇಳಿದರೆ ತಪ್ಪೇ?

ಇನ್ನು ಭಾಷೆಯ ವಿಚಾರ. ಜೆ.ಇ.ಇ. ಮೇನ್ ಮತ್ತು ನೀಟ್ ಪ್ರಶ್ನೆಪತ್ರಿಕೆ ಈಗ ಕನ್ನಡದಲ್ಲಿಯೂ ಸಿಗುತ್ತದೆ. ಆದರೆ ಕರ್ನಾಟಕದ ನೆಲದ ಮೇಲೆ, ಕರ್ನಾಟಕದ ಕಾಲೇಜುಗಳಿಗಾಗಿ ನಡೆಯುವ ಕಾಮೆಡ್-ಕೆ ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ. ದೆಹಲಿಗೆ ಬಂದ ಬುದ್ಧಿ ಬೆಂಗಳೂರಿಗೆ ಬರಲಿಲ್ಲವೆಂದರೆ ಏನು ಹೇಳೋಣ?

ಅಂಕದ ಲೆಕ್ಕ

ಸಿ.ಇ.ಟಿ.ಯಲ್ಲಿ ಇಂಜಿನಿಯರಿಂಗ್ ರ‍್ಯಾಂಕು ಹೇಗೆ ಬರುತ್ತದೆಂಬುದು ಅನೇಕ ತಂದೆ ತಾಯಿಗಳಿಗೆ ತಿಳಿದಿಲ್ಲ. ಪ್ರವೇಶ ಪರೀಕ್ಷೆಯ ಅಂಕಕ್ಕೆ ಅರ್ಧ ತೂಕ, ಪಿ.ಯು.ನಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದಲ್ಲಿ ಬಂದ ಅಂಕಕ್ಕೆ ಇನ್ನರ್ಧ ತೂಕ. ಒಂದು ಹುಡುಗಿಗೆ ಪಿ.ಯು.ನಲ್ಲಿ 300ಕ್ಕೆ 270, ಸಿ.ಇ.ಟಿ.ಯಲ್ಲಿ 180ಕ್ಕೆ 90 ಬಂದಿತೆನ್ನಿ. ಅವಳಿಗೆ 45 ಮತ್ತು 25, ಒಟ್ಟು 70. ಇನ್ನೊಬ್ಬಳಿಗೆ ಪಿ.ಯು.ನಲ್ಲಿ 240, ಸಿ.ಇ.ಟಿ.ಯಲ್ಲಿ 126 ಬಂದರೆ 40 ಮತ್ತು 35, ಒಟ್ಟು 75. ಪಿ.ಯು.ನಲ್ಲಿ ಮೂವತ್ತು ಅಂಕ ಹಿಂದಿದ್ದವಳು ರ‍್ಯಾಂಕಿನಲ್ಲಿ ಮುಂದಾದಳು. ಆದುದರಿಂದ ಪಿ.ಯು. ಅಂಕ ಚೆನ್ನಾಗಿ ಬಂತೆಂದು ಸಿ.ಇ.ಟಿ.ಯನ್ನು ಕಡೆಗಣಿಸಬಾರದು, ಪ್ರವೇಶ ಪರೀಕ್ಷೆ ಚೆನ್ನಾಗಿ ಆಯಿತೆಂದು ಪಿ.ಯು. ಅಂಕ ಹೆಚ್ಚಿಸಿಕೊಳ್ಳುವ ಅವಕಾಶವನ್ನೂ ಬಿಡಬಾರದು. ಮರುಪರೀಕ್ಷೆಯಲ್ಲಿ ಅಂಕ ಹೆಚ್ಚು ಬಂದರೆ ಆ ಹೆಚ್ಚಿನ ಅಂಕ ಪರೀಕ್ಷಾ ಪ್ರಾಧಿಕಾರದ ಲೆಕ್ಕಕ್ಕೆ ಸೇರಿದೆಯೇ ಇಲ್ಲವೇ ಎಂದು ಕಣ್ಣಾರೆ ನೋಡಿಕೊಳ್ಳಬೇಕು.

ಯಾವ ಅಂಕ ಲೆಕ್ಕಕ್ಕೆ ಬರಬೇಕೆಂದು ಕಚೇರಿಯ ಮೇಜೊಂದು ತೀರ್ಮಾನಿಸಿದರೆ ಏನಾಗುತ್ತದೆಂಬುದನ್ನು 2022ರಲ್ಲಿ ರಾಜ್ಯವೇ ನೋಡಿತು. 2021ರಲ್ಲಿ ಕೊರೋನಾ ನಿಮಿತ್ತ ಪಿ.ಯು. ಪರೀಕ್ಷೆ ರದ್ದಾಗಿ, ಹತ್ತನೆಯ ತರಗತಿ ಮತ್ತು ಪ್ರಥಮ ಪಿ.ಯು. ಅಂಕಗಳನ್ನು ಆಧರಿಸಿ ಫಲಿತಾಂಶ ಕೊಟ್ಟಿದ್ದರು. ಆ ತಂಡದ ವಿದ್ಯಾರ್ಥಿಗಳು ಮರುವರ್ಷ ಮತ್ತೆ ಸಿ.ಇ.ಟಿ. ಬರೆದಾಗ ಅವರ ಪಿ.ಯು. ಅಂಕಗಳನ್ನು ಪ್ರಾಧಿಕಾರ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಚೆನ್ನಾಗಿ ಬರೆದವರ ರ‍್ಯಾಂಕು ಪಾತಾಳಕ್ಕೆ ಇಳಿಯಿತು. ಇಪ್ಪತ್ತು ಸಾವಿರಕ್ಕೂ ಮಿಕ್ಕಿದ ಮಕ್ಕಳ ಪ್ರಶ್ನೆ ಅದು. ವಿದ್ಯಾರ್ಥಿಗಳು ಹೈಕೋರ್ಟಿನ ಮೆಟ್ಟಿಲು ಹತ್ತಿದರು. ಸೆಪ್ಟೆಂಬರಿನಲ್ಲಿ ಏಕಸದಸ್ಯ ಪೀಠ ಅವರ ಪರವಾಗಿ ತೀರ್ಪು ಕೊಟ್ಟಿತು. ಸರ್ಕಾರ ಮೇಲ್ಮನವಿ ಹೋಯಿತು. ಕೊನೆಗೆ ಅವರ ಪಿ.ಯು. ಅಂಕದಲ್ಲಿ ಒಂದಿಷ್ಟನ್ನು ಕಡಿತ ಮಾಡಿ ಉಳಿದದ್ದನ್ನು ಲೆಕ್ಕಕ್ಕೆ ಹಿಡಿಯುವ ಸೂತ್ರಕ್ಕೆ ವಿಭಾಗೀಯ ಪೀಠ ಒಪ್ಪಿತು. ರ‍್ಯಾಂಕುಪಟ್ಟಿ ಮತ್ತೆ ಬರೆಯಬೇಕಾಯಿತು. ಜುಲೈ ತಿಂಗಳಲ್ಲಿ ಬಂದ ಪಟ್ಟಿ ಅಕ್ಟೋಬರಿನಲ್ಲಿ ಸರಿಹೋಯಿತು. ವಕೀಲರನ್ನು ಇಡಲು ಶಕ್ತಿಯಿದ್ದ ಕೆಲವರು ಹೋಗಿದ್ದರಿಂದ ಎಲ್ಲರಿಗೂ ನ್ಯಾಯ ಸಿಕ್ಕಿತು. ಯಾರೂ ಹೋಗದೆ ಇದ್ದಿದ್ದರೆ?

ಎಲ್ಲರೂ ಮರೆತ ಕಾಗದ

ಈಗ ನಮ್ಮ ಲೇತ್ ಮಿತ್ರರ ವಿಚಾರಕ್ಕೆ ಬರೋಣ. ಐದು ಕಾಗದಗಳನ್ನು ಮುಂದಿಟ್ಟುಕೊಂಡು ಒಂದು ಗಂಟೆ ಕುಳಿತೆವು. ಜೆ.ಇ.ಇ. ಅಂಕ ಎರಡು ಸಲವೂ ಕಡಿಮೆ, ಅದನ್ನು ಪಕ್ಕಕ್ಕಿಟ್ಟೆವು. ಉಳಿದದ್ದು ಸಿ.ಇ.ಟಿ. ಮತ್ತು ಕಾಮೆಡ್-ಕೆ. ಮಗಳೂ ಜೊತೆಯಲ್ಲಿ ಬಂದಿದ್ದಳು. ಅವಳನ್ನು ಕೇಳಿದೆವು: "ಹತ್ತನೆಯವರೆಗೆ ಯಾವ ಶಾಲೆಯಮ್ಮ?" ಸರ್ಕಾರಿ ಶಾಲೆ, ಒಂದರಿಂದ ಹತ್ತರವರೆಗೂ ಕನ್ನಡ ಮಾಧ್ಯಮ ಎಂದಳು. ಅರ್ಜಿಯ ಪ್ರತಿಯನ್ನು ತೆರೆದು ನೋಡಿದರೆ ಕನ್ನಡ ಮಾಧ್ಯಮದ ಮೀಸಲಾತಿ ಬೇಕೇ ಎಂಬ ಪ್ರಶ್ನೆಯ ಮುಂದೆ "ಇಲ್ಲ" ಎಂದಿತ್ತು! ಅರ್ಜಿ ತುಂಬಿದ ಅಂಗಡಿಯವನು ಅವಸರದಲ್ಲಿ ಹಾಗೆ ಒತ್ತಿದ್ದ. ತಂದೆ ಕೇಳಿರಲಿಲ್ಲ, ಮಗಳಿಗೆ ಯಾರೂ ಹೇಳಿರಲಿಲ್ಲ.

ಓದುಗರೇ, ಸಿ.ಇ.ಟಿ. ಸೀಟುಗಳಲ್ಲಿ ನೂರಕ್ಕೆ ಐದು ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ, ಹದಿನೈದು ಗ್ರಾಮೀಣ ಶಾಲೆಗಳಲ್ಲಿ ಓದಿದವರಿಗೆ ಮೀಸಲು. ಒಂದರಿಂದ ಹತ್ತನೆಯ ತರಗತಿಯವರೆಗೆ ಓದಿದ್ದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಇರುವ ವ್ಯಾಸಂಗ ಪ್ರಮಾಣಪತ್ರ ಬೇಕು. ಪೀಣ್ಯದ ಮಕ್ಕಳು ನಗರದ ಮಿತಿಯೊಳಗೆ ಓದಿರುವುದರಿಂದ ಅವರಿಗೆ ಗ್ರಾಮೀಣ ಮೀಸಲಾತಿ ಸಿಗುವುದಿಲ್ಲ. ತಂದೆಯ ಹಳ್ಳಿ ಎಷ್ಟೇ ಬಡ ಹಳ್ಳಿಯಾಗಿದ್ದರೂ ಸಿಗುವುದಿಲ್ಲ. ಆದರೆ ಕನ್ನಡ ಶಾಲೆಯಲ್ಲಿ ಓದಿದ್ದರೆ ಆ ಐದರ ಹಕ್ಕು ಅವರದು. ರಾಯಚೂರು, ಕಲಬುರಗಿ, ಯಾದಗಿರಿ ಕಡೆಯಿಂದ ದುಡಿಯಲು ಬಂದವರಿಗೆ 371-ಜೆ ವಿಧಿಯ ಮೀಸಲಾತಿ ಉಂಟು. ಅದಕ್ಕೆ ಅರ್ಹತಾ ಪತ್ರ ಇರಬೇಕು. ಇದಲ್ಲದೆ ವರ್ಷಕ್ಕೆ ಎಂಟು ಲಕ್ಷದೊಳಗೆ ಆದಾಯವಿರುವ ಮನೆಯ ಮಕ್ಕಳಿಗೆ ಬೋಧನಾ ಶುಲ್ಕ ಮಾಫಿಯಾಗುವ ಹೆಚ್ಚುವರಿ ಸೀಟುಗಳು ಪ್ರತಿ ಕೋರ್ಸಿನಲ್ಲಿ ನೂರಕ್ಕೆ ಐದರಂತೆ ಇವೆ. ಇದನ್ನು ಎಸ್.ಎನ್.ಕ್ಯೂ. ಎನ್ನುತ್ತಾರೆ. ನಮ್ಮ ಗಿರಣಿ ಕಾರ್ಮಿಕರಲ್ಲಿ ಎಷ್ಟು ಮಂದಿ ಈ ಹೆಸರನ್ನು ಕೇಳಿದ್ದಾರೆ?

ತಿದ್ದುಪಡಿಗೆ ಇನ್ನೂ ಅವಕಾಶ ತೆರೆದಿದ್ದುದರಿಂದ ಆ ಹುಡುಗಿ ಉಳಿದಳು. ಅರ್ಜಿ ತಿದ್ದಿದ್ದಾಯಿತು, ಶಾಲೆಗೆ ಓಡಿ, ಕ್ಷೇತ್ರ ಶಿಕ್ಷಣಾಧಿಕಾರಿಗಳ ರುಜು ಹಾಕಿಸಿ ತಂದದ್ದಾಯಿತು. ಎಕರೆ ಮಾರುವ ಮಾತು ಸದ್ಯಕ್ಕೆ ನಿಂತಿದೆ. ಯಾವ ಅಂಕ ಕೊಡಬೇಕೆಂದು ಆ ಮನೆಯವರು ಹದಿನೈದು ದಿನ ನಿದ್ದೆಗೆಟ್ಟಿದ್ದರು. ಆದರೆ ಅವರ ಭೂಮಿಯನ್ನು ಉಳಿಸುವ ಕಾಗದ ಆ ಐದು ಅಂಕಪಟ್ಟಿಗಳಲ್ಲಿ ಯಾವುದೂ ಆಗಿರಲಿಲ್ಲ. ಯಾರೂ ಕೇಳದ ಶಾಲೆಯ ಪ್ರಮಾಣಪತ್ರವಾಗಿತ್ತು. ಧನಿಕರ ಮಕ್ಕಳಿಗೆ ಇದನ್ನೆಲ್ಲ ಹೇಳಿಕೊಡಲು ಸಾವಿರಾರು ರೂಪಾಯಿ ಪಡೆಯುವ ಸಲಹೆಗಾರರಿದ್ದಾರೆ. ಬಡವನ ಮಗಳಿಗೆ ಅರ್ಜಿ ತುಂಬುವ ಅಂಗಡಿಯವನೇ ಸಲಹೆಗಾರ. ಅಂಕದಲ್ಲಿ ಬರುವ ಅಂತರಕ್ಕಿಂತ ತಿಳಿವಳಿಕೆಯಲ್ಲಿರುವ ಈ ಅಂತರ ದೊಡ್ಡದು.

ನಮ್ಮ ಬೇಡಿಕೆ

ಮಕ್ಕಳು ಯಾವ ಅಂಕವನ್ನು ಕಳುಹಿಸಬೇಕೆಂದು ತಲೆ ಕೆಡಿಸಿಕೊಳ್ಳುವ ಹೊರೆಯನ್ನೇ ಅವರ ತಲೆಯಿಂದ ಇಳಿಸಬೇಕು. ಎಲ್ಲ ಅಂಕಗಳೂ ಸರ್ಕಾರದ ಕೈಯಲ್ಲಿಯೇ ಇವೆ. ಮಗು ಎಷ್ಟು ಸಲ ಬರೆದಿರಲಿ, ಹೆಚ್ಚಿನದನ್ನು ಕಚೇರಿಯೇ ತಾನಾಗಿ ಹಿಡಿಯಲಿ. ಒಂದರಿಂದ ಹತ್ತರವರೆಗೆ ಎಲ್ಲಿ ಓದಿದೆ, ಯಾವ ಮಾಧ್ಯಮದಲ್ಲಿ ಓದಿದೆ ಎಂಬುದೂ ಶಿಕ್ಷಣ ಇಲಾಖೆಯ ದಾಖಲೆಯಲ್ಲಿಯೇ ಇದೆ. ತನ್ನ ದಾಖಲೆಯನ್ನು ತಾನೇ ನೋಡಿಕೊಳ್ಳದೆ, ಮಗು ಕಾಗದ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯಬೇಕೆನ್ನುವುದು ಯಾವ ನ್ಯಾಯ? ಹಕ್ಕನ್ನು ಕೇಳಿದವರಿಗೆ ಮಾತ್ರ ಕೊಡುವುದಾದರೆ ಅದು ಹಕ್ಕಲ್ಲ, ದಾನ.

ಎರಡನೆಯದಾಗಿ, ಕಾಮೆಡ್-ಕೆ ಸೀಟುಗಳಿಗೂ ಸಿ.ಇ.ಟಿ. ರ‍್ಯಾಂಕನ್ನೇ ಆಧಾರ ಮಾಡಿ, ಒಂದು ಅರ್ಜಿ, ಒಂದು ಶುಲ್ಕ ಎಂಬ ನಿಯಮ ತರಬೇಕು. ಅದು ಆಗುವವರೆಗೂ ಆ ಪರೀಕ್ಷೆ ಕನ್ನಡದಲ್ಲಿಯೂ ನಡೆಯಬೇಕು. ಮೂರನೆಯದಾಗಿ, ಅಲ್ಪ ಆದಾಯದ ಮನೆಗಳ ಮಕ್ಕಳಿಗೆ ಪರೀಕ್ಷಾ ಶುಲ್ಕ ಇರಕೂಡದು. ನಾಲ್ಕನೆಯದಾಗಿ, ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಈ ಮೂರು ಕಡೆಯೂ, ಪಾಳಿ ಮುಗಿದ ಮೇಲೆ ಮತ್ತು ಭಾನುವಾರ ತೆರೆದಿರುವ ಸಹಾಯ ಕೇಂದ್ರ ಬೇಕು. ಬೆಳಗ್ಗೆ ಹತ್ತಕ್ಕೆ ತೆರೆದು ಸಂಜೆ ಐದಕ್ಕೆ ಮುಚ್ಚುವ ಕಚೇರಿ ಕಾರ್ಮಿಕನಿಗೆ ಇದ್ದೂ ಇಲ್ಲದಂತೆ.

ನೆರೆಯ ತಮಿಳುನಾಡನ್ನು ನೋಡಿ. ಅಲ್ಲಿ ಇಂಜಿನಿಯರಿಂಗ್‌ಗೆ ಪ್ರವೇಶ ಪರೀಕ್ಷೆಯನ್ನು 2007ರಲ್ಲಿಯೇ ತೆಗೆದುಹಾಕಿ ಹನ್ನೆರಡನೆಯ ತರಗತಿಯ ಅಂಕದ ಮೇಲೆ ಸೀಟು ಕೊಡುತ್ತಿದ್ದಾರೆ. ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ವೈದ್ಯಕೀಯದಲ್ಲಿ ನೂರಕ್ಕೆ ಏಳೂವರೆ ಸೀಟನ್ನು 2020ರಲ್ಲಿ ಕಾನೂನು ಮಾಡಿ ಮೀಸಲಿಟ್ಟರು. ನಮ್ಮ ವಿಧಾನಸಭೆ 2024ರ ಜುಲೈನಲ್ಲಿ ನೀಟ್ ಬೇಡವೆಂದು ನಿರ್ಣಯವನ್ನೇನೋ ಮಾಡಿತು. ನಿರ್ಣಯದ ಜೊತೆಗೆ ಸರ್ಕಾರಿ ಶಾಲೆಯ ಮಕ್ಕಳಿಗಾಗಿ ಅಂಥದೊಂದು ಕಾನೂನನ್ನೂ ಮಾಡಲಿ.

ಸರ್ಕಾರ ಮಾಡುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಪ್ರತಿ ಕಾರ್ಮಿಕ ಸಂಘದ ಕಚೇರಿಯಲ್ಲಿ, ಪ್ರತಿ ವರ್ತಕರ ಸಂಘದ ಕೊಠಡಿಯಲ್ಲಿ, ಅರ್ಜಿಯ ಕಾಲದಲ್ಲಿ ವಾರಕ್ಕೊಂದು ಸಂಜೆ ಒಂದು ಮೇಜು ಹಾಕಿ. ಓದಿದ ಹುಡುಗರು ನಮ್ಮಲ್ಲಿಯೇ ಇದ್ದಾರೆ; ಕಳೆದ ವರ್ಷ ಅರ್ಜಿ ತುಂಬಿ ಪೆಟ್ಟು ತಿಂದವರಿದ್ದಾರೆ. ಅವರು ಕೂತು ಬೇರೆಯವರ ಅರ್ಜಿ ನೋಡಲಿ. ಕಾಲೇಜುಗಳ ಪಟ್ಟಿ ಕೊಡುವಾಗ ಮೊದಲು ಬೇಕಾದದ್ದನ್ನು ಮೊದಲು ಬರೆಯಲಿ. ಶುಲ್ಕ ಎಷ್ಟೆಂದು ಕೇಳದೆ ಯಾವ ಹೆಸರನ್ನೂ ಬರೆಯದಿರಲಿ. ಹೆಸರುವಾಸಿ ಕಾಲೇಜಿಗಾಗಿ ಭೂಮಿ ಮಾರುವ ಮೊದಲು ಹತ್ತು ಮಂದಿಯನ್ನು ಕೇಳಿ. ಡಿಪ್ಲೊಮಾ ಮುಗಿಸಿ ನೇರವಾಗಿ ಇಂಜಿನಿಯರಿಂಗ್ ಎರಡನೆಯ ವರ್ಷಕ್ಕೆ ಸೇರುವ ದಾರಿಯೂ ಉಂಟು. ಅದು ಕೀಳು ದಾರಿಯಲ್ಲ.

ನಮ್ಮ ಲೇತ್ ಮಿತ್ರರು ಹೋಗುವಾಗ ಕಾಗದಗಳನ್ನೆಲ್ಲ ಮಡಿಸಿ ಚೀಲಕ್ಕೆ ಹಾಕಿಕೊಂಡು, "ಮುಂದಿನ ವರ್ಷ ನಮ್ಮ ಶೆಡ್ಡಿನಲ್ಲಿ ಇನ್ನೂ ಮೂವರ ಮಕ್ಕಳು ಬರೀತಾರೆ ಮೇಷ್ಟ್ರೇ. ಅವರನ್ನೂ ಕರಕೊಂಡು ಬರಲಾ?" ಎಂದರು. ನಾವು ಹೇಳಿದೆವು: "ಇಲ್ಲಿಗೆ ಕರೆತರಬೇಡಿ. ನಿಮ್ಮ ಸಂಘದ ಕಚೇರಿಯಲ್ಲಿ ಮೇಜು ಹಾಕಿ. ನಾವೇ ಅಲ್ಲಿಗೆ ಬರುತ್ತೇವೆ. ಅವರಿಗೆ ಹೇಳಿಕೊಡುವವರು ಮಾತ್ರ ನೀವು ಮತ್ತು ನಿಮ್ಮ ಮಗಳು."